ಹಿಮ್ಮುಖದ ಸೀಟು

ಜಿನ್ನಿಂಗ್ ಮಿಲ್ಲಿನ ಕರಿಸಿದ್ದಪ್ಪನವರು
ಮದ್ರಾಸಿನ ಹರಾಜಿನಲ್ಲಿ ಹಿಡಿದು ತಂದರು ಅದನ್ನು,
ಅರಳೆ ಮಾರಿದ ದುಡ್ಡಿನಲ್ಲಿ, ಹೆಂಡತಿಗೆ ಹೇಳದೆ.
ಎಪ್ಪತ್ತೆಂಟರ ಮಾಡೆಲ್ಲು. ಅಮೆರಿಕದ್ದು.
ಮಂಡಿಪೇಟೆಯ ತಿರುವಿನಲ್ಲಿ ಮೂತಿ ಹೊರಳಿದ ಮೇಲೂ
ಬಾಲ ಬರುತ್ತಲೇ ಇತ್ತು.

ಪಕ್ಕೆಗೆ ಮರದ ಹಲಗೆ.
ಮರವಲ್ಲ ಅದು, ಮರದ ಚಿತ್ರ ಬರೆದ ಹಾಳೆ.
ಬಡಗಿ ವೀರಾಚಾರಿ ಉಗುರಲ್ಲಿ ಗೀರಿ
'ಯಾವ ಜಾತಿ ಮರನಪ್ಪ, ಗಂಟೇ ಇಲ್ಲ' ಅಂದದ್ದು
ವಾರವಿಡೀ ಊರಿಗೆ ನಗೆಯಾಯಿತು.

ನಮ್ಮ ಅಂಗಡಿ ಮುಂದೆ ಬಂದು ನಿಂತಾಗ
ಸೀಟಿನೊಳಗಿನ ಸ್ಪಂಜು ರವೆಯ ಹಾಗೆ ಉದುರುತ್ತಿತ್ತು.
ಅಪ್ಪ, ಪಿಂಜಾರ ಫಕೀರಸಾಬ,
ಬಾಣಂತಿಯ ದಿಂಬು ತುಂಬಿದ್ದ, ಸಾಹುಕಾರರ ಗಾದಿ ತುಂಬಿದ್ದ,
ಕಾರಿಗೆ ಹತ್ತಿ ತುಂಬಿರಲಿಲ್ಲ.
ಬಾಗಿಲು ತೆಗೆದು ಅಂಗೈ ಇಟ್ಟ. ಕೆಂಪು ಮಖಮಲ್ಲು.
ಹೀಗೆ ಸವರಿದರೆ ದಾಳಿಂಬೆ,
ಹಾಗೆ ಸವರಿದರೆ ಬ್ಯಾಡಗಿ ಮೆಣಸಿನಕಾಯಿ.
'ಇದರ ಮೇಲೆ ಕೂರೋದು ಪಾಪ' ಅಂದ.
ಕೂತ.

ಎಂಟು ದಿನ ಬಿಲ್ಲು ಟಂಯ್‌ಗುಟ್ಟಿತು.
ಸೀಟಿನ ಸಂದಿಯಲ್ಲಿ ಸಿಕ್ಕವು:
ಯಾರದೋ ತಲೆಯ ಚಿತ್ರವಿದ್ದ ಕಾಸು,
ಹೆಂಗಸಿನ ಒಂದು ಕೂದಲಪಿನ್ನು, ಬಿಸ್ಕತ್ತಿನ ಪುಡಿ,
ಹಲ್ಲು ಕಚ್ಚಿದ ಗುರುತಿದ್ದ ಕೆಂಪು ಮೇಣದ ಬಳಪ.
ಕಾಸನ್ನು ಸಾಹುಕಾರರು ತಗೊಂಡರು.
ಬಳಪ ನನಗೆ.
ಅದನ್ನು ಕಳಕೊಂಡ ಕೂಸು ಎಲ್ಲಿ, ಎಷ್ಟು ಅತ್ತಿತೋ
ಎಂದು ಎರಡು ರಾತ್ರಿ ಯೋಚಿಸಿದೆ,
ಮೂರನೆಯ ದಿನ ಗೋಡೆಯ ಮೇಲೆ ಕಾರು ಬರೆದೆ.

ಹತ್ತಿ ಕೂತಿದೆಯೋ ಇಲ್ಲವೋ ನೋಡಲು
ಹರಿಹರದ ರಸ್ತೆಗೆ ಹೊರಟೆವು.
ಸ್ಟಿಯರಿಂಗು ಎಡಕ್ಕೆ. ಡ್ರೈವರ್ ದುರುಗಪ್ಪನಿಗೆ
ಮುಂದಿನ ಲಾರಿಯ ಬೆನ್ನು ಬಿಟ್ಟರೆ ಏನೂ ಕಾಣದು.
ಬಲಗಡೆ ಕೂತ ಗುಮಾಸ್ತ ಪಂಚಾಕ್ಷರಯ್ಯ
ಕತ್ತು ಹೊರಗೆ ಹಾಕಿ ಕೂಗಬೇಕು:
'ಬರ್ತೈತೆ… ಬರ್ತೈತೆ… ತಡಿ… ಹ್ಞೂಂ, ಹೊಡಿ!'
ಸಂಬಳ ಲೆಕ್ಕ ಬರೆಯಲಿಕ್ಕೆ, ಆದರೆ ಜೀವ ಹೋಗುತ್ತಿದ್ದದ್ದು ಇದಕ್ಕೆ.

ನಾನೂ ಸಾಹುಕಾರರ ಕಿರಿಮಗನೂ ಕಟ್ಟಕಡೆಯ ಸೀಟಿನಲ್ಲಿ,
ಎಲ್ಲರಿಗೂ ಬೆನ್ನು ಹಾಕಿ.
ಯಾವ ಬುದ್ಧಿವಂತ ಮಾಡಿದನೋ ಅದನ್ನು!
ಮುಂದಿನವರಿಗೆ ಏನೇನು ಬರುತ್ತದೋ ಅದು,
ನಮಗೆ ಮಾತ್ರ ಹೋಗುವುದು:
ರೈಲ್ವೆ ಗೇಟು, ಮಿಲ್ಲಿನ ಚಿಮಣಿ,
ಮಂಡಕ್ಕಿ ಭಟ್ಟಿಗಳ ಹೊಗೆ,
ಅಂಗಡಿ ಬಾಗಿಲಲ್ಲಿ ಕೈ ಬೀಸುತ್ತ ನಿಂತ ಅವ್ವ
ಹೆಬ್ಬೆರಳಷ್ಟಾಗಿ, ಹತ್ತಿಬೀಜದಷ್ಟಾಗಿ.
ಅಳಬೇಕಿತ್ತು. ನಗುತ್ತಿದ್ದೆ.
ಕುಣಿಯುವ ಸೀಟಿನ ಮೇಲೆ ಅಳುವುದು ಕಷ್ಟ.

ಬರುವಾಗ ಗೇಟು ಬಿತ್ತು. ಗೂಡ್ಸು ಮುಗಿಯಲೇ ಇಲ್ಲ.
ದುರುಗಪ್ಪ ಮಂಡಕ್ಕಿ ಮೆಣಸಿನಕಾಯಿ ತಂದ,
ಪೇಪರಿನ ತಳ ಒಡೆದು ಮಖಮಲ್ಲಿಗೆ ಎಣ್ಣೆ.
'ನಾನಲ್ಲ' ಅಂದ ಸಾಹುಕಾರರ ಮಗ, ಯಾರೂ ಕೇಳುವ ಮೊದಲೇ.
ಅಪ್ಪ ಏನೂ ಅನ್ನಲಿಲ್ಲ.
ಸೀಟಿನ ಅಡಿಯಿಂದ ಅಂಗೈಯಗಲ ಕತ್ತರಿಸಿ ಮೇಲೆ ಹೊಲಿದ,
ನೂಲಿನ ಬಣ್ಣಕ್ಕಾಗಿ ಮೂರು ಅಂಗಡಿ ಸುತ್ತಿದ.
ತೇಪೆ ಎಲ್ಲಿದೆ ಅಂತ ನನಗೂ ಅವನಿಗೂ ಮಾತ್ರ ಗೊತ್ತು.

ಆಮೇಲೆ ಅದರಲ್ಲಿ ಮದುಮಕ್ಕಳು ಹೋದರು, ಬಸುರಿಯರು ಹೋದರು,
ಒಮ್ಮೆ ಪಂಚಾಕ್ಷರಯ್ಯನವರೇ ಹೋದರು, ಮಲಗಿ,
ಹಿಂದಿನ ಸೀಟು ಮಡಿಸಿ.
ಅವತ್ತು ಲಾರಿ ನೋಡಲು ಬಲಗಡೆ ಯಾರೂ ಇರಲಿಲ್ಲ.
ದುರುಗಪ್ಪ ಒಂದನ್ನೂ ಹಿಂದೆ ಹಾಕಲಿಲ್ಲ.

ಮಿಲ್ಲಿನ ಸೈರನ್ನು ನಿಂತ ವರ್ಷ ಅದೂ ನಿಂತಿತು.
ಗುಜರಿಯವನು ಬಂದು ತಗಡು ಒಯ್ದ, ಎಂಜಿನ್ನು ಒಯ್ದ.
ಸೀಟು ಹರಿದರೆ ಒಳಗೆ ನಮ್ಮದೇ ಹತ್ತಿ!
ಅಪ್ಪ ತೂಗಿಸಿ, ದುಡ್ಡು ಕೊಟ್ಟು ವಾಪಸ್ಸು ತಂದ.
ಮತ್ತೆ ಬಿಲ್ಲು. ಟಂಯ್, ಟಂಯ್.

ಅದೇ ನನ್ನ ಮದುವೆಯ ಗಾದಿ.
ಗಂಡನಿಗೆ ಹೇಳಿಲ್ಲ.
ಈಗಲೂ ಸೆಕೆಯ ರಾತ್ರಿ ಮಗ್ಗುಲು ಬದಲಿಸಿ
'ಎಲ್ಲಿಂದಲೋ ಪೆಟ್ರೋಲ್ ವಾಸನೆ' ಅನ್ನುತ್ತಾರೆ.
ಕಿಟಕಿ ಹಾಕಲು ನಾನೇ ಏಳುತ್ತೇನೆ.
ಬಂದು ಮಲಗುತ್ತೇನೆ,
ಅವರಿಗೆ ಬೆನ್ನು ಮಾಡಿ.